ಫೊಯರ್‌ಬಾಕ್‌ನಲ್ಲಿ ನಾನು ನಡೆಸಿದ ಕಣ್ಣಿನ ಪರೀಕ್ಷೆ

"ನನ್ನ ಜೀವ ಇರೋತನಕ ಈ ಮನ್ಯಾಗ ಕಣ್ಣಿಗಂತ ಇನ್ಶೂರನ್ಸ್ ಮಾಡಿಸಂಗಿಲ್ಲ! ಅಂದ್ರ ಮಾಡಿಸಂಗಿಲ್ಲ!"

ಎರಡು ಸಾವಿರದ ಮೂರನೇ ಇಸವಿಯ ನವೆಂಬರಿನಲ್ಲಿ, ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ, ಊಟದ ಮೇಜನ್ನು ಗುದ್ದಿ ನಾನು ಮಾಡಿದ ಘನಘೋರ ಪ್ರತಿಜ್ಞೆ ಇದು. ಗುದ್ದಿದ ಏಟಿಗೆ ಮಜ್ಜಿಗೆ ಲೋಟ ಉರುಳಿತು. ಕೆಳಗಿನ ಮನೆಯ ಮುದುಕಿ ಕಸಬರಿಗೆಯ ಕೋಲಿನಿಂದ ತನ್ನ ಸೂರಿಗೆ ಟಕಟಕ ಕುಟ್ಟಿದಳು. ನನ್ನ ಮಾತಿಗೆ ಈ ದೇಶದಲ್ಲಿ ಸಿಕ್ಕ ಮೊದಲ ಚಪ್ಪಾಳೆ ಅದು!

"ಮಾಡಸಬ್ಯಾಡ್ರಿ. ಮೊದಲು ಮಜ್ಜಿಗಿ ಒರಸ್ರಿ," ಅಂದಳು ನನ್ನ ಹೆಂಡತಿ ಗುರವ್ವ.

ನಾನು ಯಾರೆಂದು ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ನಮ್ಮ ಕಡೆಯ ಕಂಪ್ಯೂಟರ್ ಹುಡುಗರನ್ನು ಕರೆಸಿಕೊಂಡರು. ಬಂದ ಹುಡುಗರಿಗೆ ಹಸಿವಾಯಿತು. ಆದ್ದರಿಂದ ನನ್ನನ್ನೂ ಕರೆಸಿಕೊಂಡರು. ಗದಗಿನಲ್ಲಿ ನಮ್ಮಪ್ಪನದು ಖಾನಾವಳಿ. ನಾಲ್ಕನೆಯ ಇಯತ್ತೆ ಮುಗಿಸಿದ ದಿನವೇ ಅವನು ನನ್ನ ಕೈಯಿಂದ ಪಾಟಿ ಕಸಿದು ಲಟ್ಟಣಿಗೆ ಕೊಟ್ಟ. ಆ ಲಟ್ಟಣಿಗೆ ನನ್ನನ್ನು ಹುಬ್ಬಳ್ಳಿ, ಮುಂಬೈ ದಾಟಿಸಿ, ಕಡೆಗೆ ಇಲ್ಲಿನ ಒಬ್ಬ ಪಂಜಾಬಿ ಸೇಠನ ಹೋಟೆಲಿನ ಒಲೆಯ ಮುಂದೆ ತಂದು ನಿಲ್ಲಿಸಿತು. ವಯಸ್ಸು ನಲವತ್ತಾರು. ಸಿಟ್ಟು ಮೂಗಿನ ತುದಿಯಲ್ಲಿ. ನನ್ನ ಜರ್ಮನ್ ಭಾಷೆ ಒಲೆಯ ಸುತ್ತಳತೆಯಷ್ಟು: 'ಶ್ನೆಲ್' ಅಂದರೆ ಬೇಗ, 'ಹೈಸ್' ಅಂದರೆ ಬಿಸಿ, 'ಫೆರ್ಟಿಗ್' ಅಂದರೆ ಮುಗಿಯಿತು. ಜರ್ಮನರೊಡನೆ ನಾನು ಮಾಡಿದ ಪ್ರೀತಿ, ಜಗಳ, ವ್ಯವಹಾರ ಎಲ್ಲವೂ ಈ ಮೂರೇ ಶಬ್ದಗಳಲ್ಲಿ.

ಇನ್ಶೂರನ್ಸ್ ಮಾತು ಎದ್ದದ್ದು ನಮ್ಮ ಒಬ್ಬಳೇ ಮಗಳು ಪವಿಯ ಶಾಲೆಯಿಂದ. ಅವಳು ನಾಲ್ಕನೆಯ ಕ್ಲಾಸು. ಈ ದೇಶದಲ್ಲಿ ನಾಲ್ಕನೆಯ ಕ್ಲಾಸಿಗೇ ಮಕ್ಕಳನ್ನು ಮೊರದಲ್ಲಿ ಹಾಕಿ ಕೇರಿಬಿಡುತ್ತಾರೆ! ಚೆನ್ನಾಗಿ ಓದುವವರು ಗಿಮ್ನಾಜಿಯಂ ಎಂಬ ಶಾಲೆಗೆ, ಅಲ್ಲಿಂದ ಸೀದಾ ಯೂನಿವರ್ಸಿಟಿಗೆ. ಉಳಿದವರಿಗೆ ಬೇರೆ ಶಾಲೆ, ಬೇರೆ ದಾರಿ. ಯಾರು ಎಲ್ಲಿಗೆ ಎಂಬುದನ್ನು ಫೆಬ್ರುವರಿಯಲ್ಲಿ ಟೀಚರು ಹೇಳುತ್ತಾರೆ. ಅವರು ಹೇಳಿದರೆ ಫೆರ್ಟಿಗ್, ಮೇಲ್ಮಾತಿಲ್ಲ. ನಾನಂತೂ ನಾಲ್ಕನೆಯ ಇಯತ್ತೆಗೇ ಫೆರ್ಟಿಗ್ ಆದವನು. ಮಗಳೂ ನಾಲ್ಕರಲ್ಲೇ ಸಿಕ್ಕಿಹಾಕಿಕೊಳ್ಳಬಾರದು ಎಂಬುದೊಂದೇ ನನ್ನ ಹಟ.

ಅದಕ್ಕಾಗಿ ನಾನು ಸುಮ್ಮನೆ ಕೂತಿರಲಿಲ್ಲ. ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿಗಳು ಎದ್ದು, ರಾತ್ರಿಯ ಗಿರಾಕಿಗಳು ಬರುವುದರೊಳಗೆ ಮನೆಗೆ ಓಡಿಬಂದು ಮಗಳಿಗೆ ಬಾಯಿಲೆಕ್ಕ ಹೇಳುತ್ತಿದ್ದೆ. ಬಾಯಿಲೆಕ್ಕ ಅಂದರೆ ನಮ್ಮ ಗದಗಿನ ಮಾಸ್ತರರ ಪದ್ಧತಿ: ಪುಸ್ತಕ ದೊಡ್ಡವರ ಕೈಯಲ್ಲಿ, ಲೆಕ್ಕ ಮಕ್ಕಳ ಕಿವಿಯಲ್ಲಿ. ಪುಸ್ತಕ ಮಕ್ಕಳ ಕೈಗೆ ಕೊಟ್ಟರೆ ಕಿವಿ ಸೋಮಾರಿಯಾಗುತ್ತದೆ ಎಂಬುದು ಮಾಸ್ತರರ ಸಿದ್ಧಾಂತ. ನನಗೆ ಜರ್ಮನ್ ಬಾರದಿದ್ದರೇನು, ಅಂಕಿಗೆ ಯಾವ ಭಾಷೆ? ಶಾಲೆಯಲ್ಲಿ ಮನೆಗೆಂದು ಕೊಟ್ಟ ಲೆಕ್ಕಗಳನ್ನೆಲ್ಲ ನಾನು ಪುಸ್ತಕ ಹಿಡಿದು ಗಟ್ಟಿಯಾಗಿ ಕೂಗುತ್ತಿದ್ದೆ. ಪವಿ ತಲೆ ಬಗ್ಗಿಸಿ ಬರೆದುಕೊಂಡು ಮಾಡುತ್ತಿದ್ದಳು. ಇಂಥ ತಂದೆ ಇಡೀ ಫೊಯರ್‌ಬಾಕ್‌ನಲ್ಲಿ ಇನ್ನೊಬ್ಬನಿರಲಿಲ್ಲ!

ಹೀಗಿರುವಾಗ ಗುರವ್ವ ಒಂದು ದಿನ ಶಾಲೆಗೆ ಹೋಗಿಬಂದಳು. ಅವಳು ಸಂಜೆ ಕ್ಲಾಸಿಗೆ ಸೇರಿ ಜರ್ಮನ್ ಕಲಿಯುತ್ತಿದ್ದಳು, ಆದ್ದರಿಂದ ಹೊರಗಿನ ಖಾತೆ ಅವಳದು. ಬಂದವಳೇ ಕೋಟು ಕೂಡ ಬಿಚ್ಚದೆ ಶುರುಮಾಡಿದಳು.

"ಫ್ರಾವ್ ಬೆಕ್ ಟೀಚರು ಏನಂದ್ರು ಗೊತ್ತೇನ್ರಿ? ಕ್ಲಾಸಿನ್ಯಾಗ ಪವಿ ಛಲೋ ಮಾಡ್ತಾಳಂತ. ಮನಿಲೆಕ್ಕ ಅಷ್ಟ ಎಲ್ಲಾ ತಪ್ಪಂತ. ಬೋರ್ಡಿನ ಮ್ಯಾಲಿನ ದೊಡ್ಡ ಅಂಕಿ ಕಾಣ್ತಾವ, ಪುಸ್ತಕದಾಗಿನ ಸಣ್ಣ ಅಂಕಿ ಇಕಿಗೆ ಕಾಣವಲ್ವು, ಜಲ್ದಿ ಕಣ್ಣ ತೋರಸ್ರಿ ಅಂದಾರ. ಹಿಂಗ ನಡದ್ರ ಗಿಮ್ನಾಜಿಯಂ ಅಂತ ಬರಿಯೂದು ಕಷ್ಟ ಅಂದಾರ."

"ಕಣ್ಣ? ನಮ್ಮ ವಂಶದ ಕಣ್ಣ? ನಮ್ಮಜ್ಜ ಸಾಯೂ ಮುಂಜಾನಿ ಸೂಜಿ ಪೋಣಿಸ್ಯಾನ!"

"ನಿಮ್ಮಜ್ಜ ಗಿಮ್ನಾಜಿಯಂಗೆ ಹೊಂಟಿಲ್ರಿ."

ಉರಿಯುವ ಒಲೆಗೆ ತುಪ್ಪ ಸುರಿಯಲು ಅದೇ ಹೊತ್ತಿಗೆ ಚೇತನಕುಮಾರ ಬಂದ. ಹುಬ್ಬಳ್ಳಿಯ ಹುಡುಗ, ಗ್ರೀನ್ ಕಾರ್ಡಿನವನು. ಸಿಂಡೆಲ್‌ಫಿಂಗೆನ್‌ನ ಕಾರ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಕೆಲಸ. ರಜೆ ಬಂದರೆ ದೋಸೆಗೆ ನಮ್ಮ ಮನೆಯೇ ಗತಿ. ಅವನಿಗೆ ಈ ದೇಶದ ಕಾಯಿದೆಗಳೆಲ್ಲ ಬಾಯಿಪಾಠ.

"ಕಾಕಾ, ನಿಮಗ ಸುದ್ದಿ ಗೊತ್ತಿಲ್ಲೇನು? ಹೊಸ ವರ್ಷದಿಂದ ದೊಡ್ಡವರ ಕನ್ನಡಕಕ್ಕ ಕ್ರಾಂಕೆನ್‌ಕಾಸೆ ರೊಕ್ಕ ಕೊಡಂಗಿಲ್ಲ," ಅಂದ. ಕ್ರಾಂಕೆನ್‌ಕಾಸೆ ಅಂದರೆ ತಿಂಗಳು ತಿಂಗಳು ನಮ್ಮ ಪಗಾರದಿಂದ ಹಿಡಿದು, ಕಾಯಿಲೆ ಬಂದಾಗ ಡಾಕ್ಟರಿಗೆ ಕೊಡುವ ಸಂಸ್ಥೆ. "ಅದಕ್ಕ ಮಂದಿ ಎಲ್ಲಾ ಕನ್ನಡಕದ ಅಂಗಡಿ ಮುಂದ ಪಾಳಿ ಹಚ್ಯಾರ. ಸ್ಟೇಶನ್ ಹಂತ್ಯಾಕಿನ ಅಂಗಡಿಯವರು ತಮ್ಮದ ಒಂದ್ ಇನ್ಶೂರನ್ಸ್ ತಗದಾರ. ವರ್ಷಕ್ಕ ತಲಿಗೆ ಒಂದ್ ಮಸಾಲಿ ದೋಸಿ ರೇಟು ಅಷ್ಟ. ಫ್ಯಾಮಿಲಿಗೆ ವರ್ತ್ ಐತಿ ನೋಡ್ರಿ ಕಾಕಾ, ಮೂರೂ ಮಂದಿ ಮಾಡಸ್ರಿ."

"ಏನ್ ವರ್ತಲೇ? ಕಣ್ಣ ಕೊಟ್ಟಾಂವ ದೇವರು. ಕೆಟ್ರ ರಿಪೇರಿನೂ ಅವಂದ!"

"ದೇವರ ವಾರಂಟಿ ನಲವತ್ತಕ್ಕ ಮುಗಿತೈತಿ ಕಾಕಾ."

ಅವನ ತಟ್ಟೆಯಲ್ಲಿದ್ದ ಅರ್ಧ ದೋಸೆಯನ್ನು ಕಿತ್ತುಕೊಂಡು ಮೇಜು ಗುದ್ದಿದೆ. ಮೊದಲು ಹೇಳಿದ ಪ್ರತಿಜ್ಞೆ ಹೊರಬಿದ್ದದ್ದು ಆಗಲೇ.

ಗುರವ್ವ ಮಜ್ಜಿಗೆ ಒರೆಸುವ ಅರಿವೆಯನ್ನು ನನ್ನ ಮುಂದೆ ಎಸೆದು, "ನಿಮ್ಮ ಕಣ್ಣೂ ಒಮ್ಮೆ ತೋರಿಸ್ರಿ. ನಿನ್ನೆ ಕ್ಯಾಲೆಂಡರಿಗೆ ಮಳಿ ಹೊಡಿಯಾಕ ಹೋಗಿ ಬೆರಳಿಗೆ ಹೊಡಕೊಂಡ್ರಿ," ಅಂದಳು.

ಮಳಿ ಅಂದರೆ ಮೊಳೆ. ನನ್ನ ಕಣ್ಣಿಗೇನೂ ಆಗಿರಲಿಲ್ಲ. ಜರ್ಮನಿಯಲ್ಲಿ ಮೊಳೆಗಳನ್ನು ಬಹಳ ಸಣ್ಣ ಮಾಡುತ್ತಾರೆ. ಅಕ್ಷರವೂ ಹಾಗೆಯೇ, ಯೂರೋ ಬಂದ ಮೇಲೆ ಪ್ರತಿಯೊಂದರಲ್ಲೂ ಉಳಿತಾಯ ಶುರುವಾಗಿ, ಮಸಿ ಉಳಿಸಲು ಅಕ್ಷರಗಳನ್ನೂ ಕುಗ್ಗಿಸುತ್ತ ಬಂದಿದ್ದರು. ಮಸಾಲೆ ಡಬ್ಬಿಯ ಮೇಲೆ ಬರೆದದ್ದನ್ನು ನಾನು ತೋಳು ಚಾಚಿ ಹಿಡಿದು ಓದುತ್ತಿದ್ದೆ. ಅದರಲ್ಲಿ ನನ್ನ ತಪ್ಪೇನು?

ಆದರೆ ಗಿಮ್ನಾಜಿಯಂ ಎಂಬ ಶಬ್ದ ಎದೆಯೊಳಗೆ ಕೊರೆಯುತ್ತಿತ್ತು. ಆದ್ದರಿಂದ ನಾನೇ ಒಂದು ತೀರ್ಮಾನಕ್ಕೆ ಬಂದೆ. ಡಾಕ್ಟರು ಯಾಕೆ, ಅಂಗಡಿ ಯಾಕೆ? ಮನೆಯಲ್ಲೇ ಪರೀಕ್ಷೆ!

ಸೋಮವಾರ ನಮ್ಮ ಹೋಟೆಲಿಗೆ ರಜೆ. ಬಾಗಿಲಿನಿಂದ ಅಡುಗೆಮನೆಯವರೆಗೆ ನಮ್ಮದೊಂದು ಉದ್ದನೆಯ ಪ್ಯಾಸೇಜು. ಅದರ ತುದಿಯ ಗೋಡೆಯಲ್ಲಿ ಗದಗಿನ ಕಿರಾಣಿ ಅಂಗಡಿಯವರು ಕೊಟ್ಟ ಕನ್ನಡ ಕ್ಯಾಲೆಂಡರು. ಕಣ್ಣಿನ ಡಾಕ್ಟರ ಹತ್ತಿರ ಇರುವ ಬೋರ್ಡಿಗಿಂತ ಇದು ನೂರು ಪಾಲು ಮೇಲು. ಮೇಲೆ ದಪ್ಪ ಅಕ್ಷರದಲ್ಲಿ ತಿಂಗಳು, ಕೆಳಗೆ ವಾರ, ಅದರ ಕೆಳಗೆ ತಿಥಿ, ನಕ್ಷತ್ರ, ರಾಹುಕಾಲ, ಸಂಕಷ್ಟಿ, ಒಂದಕ್ಕಿಂತ ಒಂದು ಸಣ್ಣ! ಬಾಗಿಲ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮನೆಯ ಮಂದಿಯನ್ನು ಸಾಲಾಗಿ ನಿಲ್ಲಿಸಿದೆ.

ಮೊದಲು ನಾನು. ಗೆರೆಯ ಮೇಲೆ ನಿಂತು, ಎದೆ ಉಬ್ಬಿಸಿ, ಕಾರ್ತೀಕ ಮಾಸದಿಂದ ಹಿಡಿದು ರಾಹುಕಾಲದವರೆಗೆ ಒಂದೇ ಉಸಿರಿನಲ್ಲಿ ಓದಿ ಒಗೆದೆ! ದೂರದ್ದು ನನಗೆ ಹದ್ದಿನ ಹಾಗೆ ಕಾಣುತ್ತದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಆತೇನು? ನಲವತ್ತಾರು ವರ್ಷದ ಕಣ್ಣಿವು!"

ಗುರವ್ವ ಬಂದು ನಿಂತಳು. "ಸೋಮವಾರ ರಾಹುಕಾಲ ಏಳೂವರಿಯಿಂದ ಒಂಬತ್ತು. ಗುರುವಾರ ಒಂದೂವರಿಯಿಂದ ಮೂರು. ಗಂಡಗ ಬುದ್ಧಿ ಬರೂ ಕಾಲ ಯಾವುದಂತ ಇದರಾಗ ಹಾಕಿಲ್ಲ ನೋಡ್ರಿ," ಅಂದು ತನ್ನ ಚೀಲ ಹೆಗಲಿಗೇರಿಸಿ ಜರ್ಮನ್ ಕ್ಲಾಸಿಗೆ ಹೊರಟುಹೋದಳು.

ಉಳಿದದ್ದು ಪವಿ.

"ಓದವ್ವ."

ಪವಿ ಕ್ಯಾಲೆಂಡರು ನೋಡಿದಳು. ನನ್ನನ್ನು ನೋಡಿದಳು. "ಕಾಣಂಗಿಲ್ಲಪ್ಪಾ."

"ದಪ್ಪ ಅಕ್ಷರ ಕಾಣ್ತಾವಲ್ಲ? ಅವನ್ನರೆ ಓದು."

"ಅವೂ ಕಾಣಂಗಿಲ್ಲ."

ಎರಡು ಹೆಜ್ಜೆ ಮುಂದೆ ನಿಲ್ಲಿಸಿದೆ. ಕಾಣಲಿಲ್ಲ. ಪ್ಯಾಸೇಜಿನ ನಡುವೆ ನಿಲ್ಲಿಸಿದೆ. ಕಾಣಲಿಲ್ಲ. ಗೋಡೆಯ ಹತ್ತಿರ ತಂದೆ. ಕಡೆಗೆ ಮಗುವಿನ ಮೂಗು ಏಕಾದಶಿಗೆ ತಾಗುವಂತೆ ನಿಲ್ಲಿಸಿ, "ಈಗ?" ಅಂತ ಗುಡುಗಿದೆ.

"ನಿಖ್ಟ್ಸ್," ಅಂದಳು ಸಣ್ಣ ದನಿಯಲ್ಲಿ. ಜರ್ಮನ್‌ನಲ್ಲಿ 'ಏನೇನೂ ಇಲ್ಲ' ಎಂದು ಅದರ ಅರ್ಥ.

ನನ್ನ ಸಿಟ್ಟೆಲ್ಲ ಒಂದೇ ಗಳಿಗೆಯಲ್ಲಿ ಇಳಿಯಿತು. ಸಣ್ಣ ಅಂಕಿಯ ಮಾತು ಹಾಗಿರಲಿ, ನನ್ನ ಮಗಳಿಗೆ ಅಂಗೈಯಗಲದ ಅಕ್ಷರವೂ ಕಾಣದು! ಟೀಚರು ಪಾಪ, ಮೆತ್ತಗೆ ಹೇಳಿದ್ದರು. ಮಗು ಕುರುಡಾಗುತ್ತಿದೆ, ನಾನು ಮೇಜು ಗುದ್ದುತ್ತ ಕೂತಿದ್ದೆ!

ಕ್ಯಾಲೆಂಡರನ್ನು ಎಳೆದೆ. ಮೊಳೆಯ ಜೊತೆಗೆ ಅಂಗೈಯಷ್ಟು ಗೋಡೆಯೂ ಬಂತು. ಡಾಕ್ಟರಿಗೆ ಸಾಕ್ಷಿ ಬೇಕಲ್ಲ! ಅದನ್ನು ಕಂಕುಳಲ್ಲಿ ಇರುಕಿಕೊಂಡು, ಹತ್ತು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ಬೀದಿಗೆ ಓಡಿದೆ.

"ಅಪ್ಪಾ, ಇಳಸು! ನಾ ನಡೀತೀನಿ. ನನ್ನ ಕ್ಲಾಸಿನವರು ನೋಡ್ತಾರ!"

"ಸುಮ್ಮನಿರು! ಕಣ್ಣ ಕಾಣದಾಕಿ ಹೆಂಗ ನಡೀತಿ?"

"ಅಪ್ಪಾ, ಅಲ್ಲಿ ಟ್ರಾಮ್ ಬರಾಕತ್ತೈತಿ, ಹದಿಮೂರು ನಂಬರು. ಜಲ್ದಿ ಓಡು!"

ಓಡಿದೆ. ಆ ಟ್ರಾಮು ಇನ್ನೂ ಬೀದಿಯ ಆ ತುದಿಯಲ್ಲಿತ್ತು. ಗಡಿಬಿಡಿಯಲ್ಲಿ ಈ ವಿಷಯ ನನ್ನ ತಲೆಗೆ ಹೋಗಲೇ ಇಲ್ಲ.

ಕಣ್ಣಿನ ಡಾಕ್ಟರ ದವಾಖಾನೆಯಲ್ಲಿ ಜಾತ್ರೆ ನೆರೆದಂತೆ ಜನ. ವರ್ಷ ಮುಗಿಯುವುದರೊಳಗೆ ಬಿಟ್ಟಿ ಕನ್ನಡಕ ಗಿಟ್ಟಿಸಲು ಬಂದ ಮುದುಕ ಮುದುಕಿಯರು. ಮೇಜಿನ ಹಿಂದಿನ ಹೆಣ್ಣುಮಗಳು ತಲೆ ಎತ್ತದೆ, "ಟೆರ್ಮಿನ್?" ಅಂದಳು. ಟೆರ್ಮಿನ್ ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಸಮಯ. ಈ ದೇಶದಲ್ಲಿ ಟೆರ್ಮಿನ್ ಇಲ್ಲದೆ ಯಾರೂ ಸಾಯುವ ಹಾಗೂ ಇಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಅವಳು ಫೆಬ್ರುವರಿಗೆ ಬನ್ನಿ ಅಂದಳು.

ಫೆಬ್ರುವರಿ! ಅದೇ ಗಿಮ್ನಾಜಿಯಂ ತಿಂಗಳು! ನನ್ನ ಕೈಯಲ್ಲಿದ್ದ ಮೂರು ಶಬ್ದಗಳ ಸಮಸ್ತ ಜರ್ಮನ್ ಸೈನ್ಯವನ್ನೂ ಯುದ್ಧಕ್ಕೆ ಬಿಟ್ಟೆ.

"ಶ್ನೆಲ್! ಶ್ನೆಲ್!" ಅಂತ ಕೂಗಿ, ಮಗಳ ಕಣ್ಣು ತೋರಿಸಿ, "ಫೆರ್ಟಿಗ್! ಫೆರ್ಟಿಗ್!" ಅಂದು ಅತ್ತುಬಿಟ್ಟೆ.

ಒಬ್ಬ ಅಜ್ಜ ಕುರ್ಚಿ ಬಿಟ್ಟುಕೊಟ್ಟ. ಒಬ್ಬ ಅಜ್ಜಿ ಪರ್ಸು ತೆಗೆದು ಪವಿಗೆ ಚಾಕಲೇಟು ಕೊಟ್ಟಳು. ಮೇಜಿನ ಹೆಣ್ಣುಮಗಳು ಒಳಗೆ ಓಡಿದಳು. ಪವಿ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಲು ಅಲ್ಲಿದ್ದ ಒಂದು ಮಕ್ಕಳ ಪತ್ರಿಕೆ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅದರ ಹಿಂದಿನಿಂದ ಕಿಸಕ್ಕನೆ ನಕ್ಕ ಸದ್ದು ಬಂತು. ಪಾಪ, ಕಣ್ಣು ಹೋದದ್ದಕ್ಕೆ ಕೂಸಿನ ತಲೆಯೂ ಕೆಟ್ಟಿತೇನೋ ಅಂತ ನನಗೆ ಮತ್ತಷ್ಟು ಅಳು.

ಒಳಗೆ ಕರೆದರು. ಡಾಕ್ಟರಮ್ಮ ಬಿಳಿಕೂದಲಿನ, ಗಂಭೀರ ಹೆಂಗಸು. ಪವಿಯನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಬೋರ್ಡು ತೋರಿಸಿದರು. ಪವಿ ಮೇಲಿನ ಸಾಲು ಓದಿದಳು. ಎರಡನೆಯದು ಓದಿದಳು. ಕಟ್ಟಕಡೆಯ ಸಾಲನ್ನೂ ಓದಿ, ಅದರ ಕೆಳಗೆ ಇರುವೆ ಸಾಲಿನ ಹಾಗಿದ್ದ ಛಾಪಖಾನೆಯ ಹೆಸರನ್ನೂ ಓದಿಬಿಟ್ಟಳು! ಕೈಗೊಂದು ಸಣ್ಣಕ್ಷರದ ಕಾರ್ಡು ಕೊಟ್ಟರೆ ಅದನ್ನೂ ಪಟಪಟ ಓದಿದಳು.

ಡಾಕ್ಟರಮ್ಮ ನನ್ನತ್ತ ತಿರುಗಿ ಹುಬ್ಬೇರಿಸಿದರು. ನಾನು ಸೋಲುವವನೇ? ಕಂಕುಳಿನಿಂದ ಸಾಕ್ಷಿಯನ್ನು ತೆಗೆದು ಅವರ ಮೇಜಿನ ಮೇಲೆ ಹರವಿದೆ. ಅವರು ತಮ್ಮ ಕನ್ನಡಕ ಹಾಕಿ ನೋಡಿದರು. ತೆಗೆದು ನೋಡಿದರು. ಕ್ಯಾಲೆಂಡರನ್ನು ತಲೆಕೆಳಗು ಮಾಡಿ ನೋಡಿದರು. ಆಮೇಲೆ ಪವಿಗೆ ಏನೋ ಹೇಳಿದರು. ಅಲ್ಲಿಂದ ಮುಂದೆ ನನ್ನ ಮಗಳೇ ನಮ್ಮಿಬ್ಬರ ನಡುವಿನ ದುಭಾಷಿ.

"ಅಪ್ಪಾ, ಇದು ತನಗೂ ಓದಾಕ ಬರಂಗಿಲ್ಲ ಅಂತಾರ ಡಾಕ್ಟರು. ಯಾವ ಭಾಷಾ ಅಂತ ಕೇಳ್ತಾರ."

"ಕನ್ನಡ ಅಂತ ಹೇಳು."

"ಹೇಳ್ದೆ. ನಿನಗ ಬರ್ತೈತೇನು ಅಂತ ಕೇಳ್ತಾರ."

"ಹೌದು ಅನ್ನು! ಗಟ್ಟಿಯಾಗಿ ಅನ್ನು!"

ಪವಿ ಬೂಟಿನ ತುದಿ ನೋಡುತ್ತ ಏನೋ ಅಂದಳು.

"ಏನಂದಿ?"

"ಬರಂಗಿಲ್ಲ ಅಂದೆ."

"ಯಾಕವ್ವ ಸುಳ್ಳ ಹೇಳ್ತಿ? ಅ ಆ ಇ ಈ ದಿಂದ ಹಿಡದು ಎಲ್ಲಾ ಹೇಳ್ತೀಯಲ್ಲ!"

"ಹೇಳ್ತೀನಪ್ಪಾ. ಹಾಡಿನಂಗ ಬಾಯಿಪಾಠ ಐತಿ. ಓದಾಕ ಬರಂಗಿಲ್ಲ."

"ಮತ್ತ ಕಾಣಂಗಿಲ್ಲ ಅಂತ ಯಾಕ ಅಂದಿ?"

"ಬರಂಗಿಲ್ಲ ಅಂದ್ರ ನೀ ಒದರ್ತಿ. ಕಾಣಂಗಿಲ್ಲ ಅಂದ್ರ ಒದರಂಗಿಲ್ಲ ಅಂತ ಅನ್ಕೊಂಡಿದ್ದೆ."

ಒದರಲು ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡು ಕ್ಯಾಲೆಂಡರನ್ನು ಸುರುಳಿ ಸುತ್ತಿದೆ.

ಮನೆಲೆಕ್ಕದ ಬಗ್ಗೆ ಟೀಚರು ಅಂದದ್ದನ್ನೂ ಪವಿಯ ಬಾಯಿಂದ ಹೇಳಿಸಿದೆ. ಈಗ ಡಾಕ್ಟರಮ್ಮ ಇನ್ನೂ ಒಂದು ಗಂಟು ಬಿಡಿಸಬೇಕಿತ್ತು. ಇಷ್ಟು ಒಳ್ಳೆಯ ಕಣ್ಣಿನ ಹುಡುಗಿಗೆ ಪುಸ್ತಕದ ಅಂಕಿ ಯಾಕೆ ತಪ್ಪುತ್ತದೆ?

ಪವಿ ಬಹಳ ಹೊತ್ತು ಜರ್ಮನ್‌ನಲ್ಲಿ ಮಾತಾಡಿದಳು. ನಡುನಡುವೆ ನನ್ನತ್ತ ಬೆರಳು ಮಾಡಿದಳು. ಡಾಕ್ಟರಮ್ಮ ನನ್ನನ್ನು ನೋಡಿದ ನೋಟ ಬದಲಾಯಿತು.

"ಏನ್ ಹೇಳ್ದಿ?"

"ಏನಿಲ್ಲಪ್ಪಾ. ನೀ ಕುರ್ಚಿ ಮ್ಯಾಲ ಕೂಡಬೇಕಂತ."

ಕೂತೆ. ಗೋಡೆಯ ಬೋರ್ಡಿನ ಅಂಕಿಗಳನ್ನು ಸಲೀಸಾಗಿ ಓದಿದೆ. "ನೋಡು, ಹದ್ದು!" ಅಂದೆ. ಆಗ ಡಾಕ್ಟರಮ್ಮ ಆ ಸಣ್ಣ ಕಾರ್ಡನ್ನು ನನ್ನ ಕೈಗೆ ಕೊಟ್ಟು, ಅಂಕಿಗಳಿದ್ದ ಸಾಲಿಗೆ ಬೆರಳಿಟ್ಟರು. ಅಲ್ಲಿ ಯಾರೋ ಎಳ್ಳು ಚೆಲ್ಲಿದ ಹಾಗಿತ್ತು. ಕಾರ್ಡನ್ನು ದೂರ ಹಿಡಿದೆ. ಇನ್ನೂ ದೂರ. ಬೆನ್ನನ್ನು ಕುರ್ಚಿಗೆ ಒತ್ತಿ, ತಲೆ ಹಿಂದೆ ಬಾಗಿಸಿದೆ. ತೋಳಿನ ಉದ್ದ ಮುಗಿಯಿತೇ ಹೊರತು ಅಂಕಿ ಮೂಡಲಿಲ್ಲ. ಆದರೂ ಧೈರ್ಯ ಬಿಡದೆ ಶುರುಮಾಡಿದೆ.

"ಮೂರು."

"ಎಂಟು ಅಪ್ಪಾ," ಅಂದಳು ಪಕ್ಕದಲ್ಲಿ ನಿಂತ ಪವಿ.

"ಐದು."

"ಆರು."

"ಸೊನ್ನಿ."

"ಒಂಬತ್ತು."

ನನ್ನ ಕಣ್ಣ ಮುಂದೆ ನಮ್ಮ ಊಟದ ಮೇಜು ಬಂತು. ಪುಸ್ತಕ ತೋಳುದ್ದ ದೂರ ಹಿಡಿದು, ಮಾಸ್ತರರ ಗತ್ತಿನಲ್ಲಿ ನಾನು ಕೂಗಿದ ಲೆಕ್ಕಗಳೆಲ್ಲ ಕಿವಿಯಲ್ಲಿ ಗುಂಯ್ ಅಂದವು. ಮನೆಲೆಕ್ಕ ತಪ್ಪಿಸಿದವನು ಯಾರೆಂದು ಯಾರೂ ನನಗೆ ತರ್ಜುಮೆ ಮಾಡಿ ಹೇಳಬೇಕಾಗಿರಲಿಲ್ಲ.

"ನಿನಗ ಗೊತ್ತಿತ್ತೇನ ಪವಿ?"

"ಟೀಚರ್ ತಪ್ಪು ಅಂದ ಮ್ಯಾಲ ಪುಸ್ತಕ ನೋಡಿದ್ನೆಪ್ಪಾ. ಬ್ಯಾರೆ ಅಂಕಿ ಇದ್ವು. ನಿನಗ ಹೇಳಾಕ ಅಂಜಿಕಿ ಬಂತು. ಅದಕ್ಕ ನೀ ಹೇಳಿದ್ದನ್ನ ಮಾಡ್ದೆ."

ಡಾಕ್ಟರಮ್ಮ ಚೀಟಿ ಬರೆಯುತ್ತ ಏನೋ ಹೇಳಿದರು. ದುಭಾಷಿ ನಿಷ್ಠೆಯಿಂದ ಒಪ್ಪಿಸಿದಳು.

"ಕಣ್ಣಿಗೆ ರೋಗ ಏನೂ ಇಲ್ಲಂತಪ್ಪಾ. ವಯಸ್ಸಾಗೇತಂತ."

"ಯಾರಿಗೆ?"

"ನಿನಗ."

"ಅಕಿಗೆ ಹೇಳು, ನನ್ನಕಿಂತ ಅಕಿನ ದೊಡ್ಡಾಕಿ ಅಂತ!"

ಪವಿ ಡಾಕ್ಟರಮ್ಮನಿಗೆ ಹೇಳಿದ್ದು 'ಡಾಂಕೆ' ಅಂತ ಮಾತ್ರ. ಅಂದರೆ ಧನ್ಯವಾದ. ಒಳ್ಳೆಯ ದುಭಾಷಿ.

"ಓದಾಕ ಕನ್ನಡಕ ಬೇಕಂತ. ಈ ವರ್ಷ ಮುಗಿಯೂದರಾಗ ಮಾಡಸಿದ್ರ ಕ್ರಾಂಕೆನ್‌ಕಾಸೆ ಕೊಡ್ತೈತಂತ. ಮರೀಬ್ಯಾಡ ಅಂತಾರ."

ಮನೆಗೆ ಬಂದಾಗ ಗುರವ್ವ ಗೋಡೆಯ ತೂತಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಎಲ್ಲವನ್ನೂ ಕೇಳಿದಳು. ನಗಲಿಲ್ಲ. ಅದೇ ಹೆಚ್ಚು ಉರಿಸಿತು.

"ಚಾಳೀಸು ಬಂದೈತಿ ಅಂತ ಎರಡು ವರ್ಷದಿಂದ ಹೊಯ್ಕೊಳ್ಳಾಕತ್ತೀನಿ. ಮಳೀದ ತಪ್ಪು, ಮಸೀದ ತಪ್ಪು, ಯೂರೋದ ತಪ್ಪು ಅಂದ್ರಿ. ಕೂಸಿನ ತಲೀಗೆ ಕಟ್ಟೂದೊಂದ ಬಾಕಿ ಇತ್ತು, ಅದೂ ಆತು. ನಾಳೆ ಮುಂಜಾನಿ ಫ್ರಾವ್ ಬೆಕ್‌ಗೆ ನೀವ ಹೋಗಿ ಹೇಳ್ರಿ."

"ನಾನಾ? ನನಗ ಜರ್ಮನ್ ಬರಂಗಿಲ್ಲ!"

"ನಾ ಬರ್ತೀನಿ. ತಪ್ಪು ನಿಮ್ಮದು, ವ್ಯಾಕರಣ ನನ್ನದು."

ಮರುದಿನ ಹೋದೆವು. ಗಿರಾಕಿಯ ಸಾರಿನಲ್ಲಿ ಕೂದಲು ಸಿಕ್ಕಾಗಲೂ ನಾನು ಇಷ್ಟು ತಲೆ ತಗ್ಗಿಸಿದವನಲ್ಲ. ನಾನು ಕನ್ನಡದಲ್ಲಿ ಗೊಣಗಿದೆ, ಗುರವ್ವ ಜರ್ಮನ್‌ನಲ್ಲಿ ಹೇಳಿದಳು. ನಾನು ಎರಡು ಮಾತು ಅಂದರೆ ಅವಳದು ಹತ್ತು ಮಾತಾಗುತ್ತಿತ್ತು. ಉಳಿದ ಎಂಟರಲ್ಲಿ ಏನಿತ್ತೋ ನಾನು ಕೇಳಲಿಲ್ಲ. ಫ್ರಾವ್ ಬೆಕ್ ಎದ್ದು ಪವಿಯನ್ನು ಕರೆಸಿ, ನನ್ನ ಎದುರಿಗೇ ಪುಸ್ತಕದಿಂದ ನಾಲ್ಕಾರು ಲೆಕ್ಕ ಮಾಡಿಸಿದರು. ಎಲ್ಲವೂ ಸರಿ! ಆಮೇಲೆ ಏನೋ ಹೇಳಿದರು. ಗುರವ್ವ ನನ್ನತ್ತ ತಿರುಗಿದಳು.

"ಇಷ್ಟು ದಿನ ಪುಸ್ತಕದಾಗ ಇಲ್ಲದ ಲೆಕ್ಕಾನೆಲ್ಲ ನಿಮ್ಮ ಮಗಳು ಸರಿಯಾಗಿ ಮಾಡ್ಯಾಳ ಅಂತಾರ ಟೀಚರು. ಫೆಬ್ರುವರಿತನಕ ಪುಸ್ತಕ ಅಕಿ ಕೈಯಾಗ ಇರಲಿ, ನಿಮ್ಮ ಕೈಯಾಗ ಬ್ಯಾಡ ಅಂತಾರ."

ನನ್ನ ಮಾಸ್ತರಿಕೆ ಅಲ್ಲಿಗೆ ಫೆರ್ಟಿಗ್.

ಕನ್ನಡಕದ ಕಥೆ ಇನ್ನೂ ಉಳಿದಿದೆ. ಚೀಟಿ ಜೇಬಿನಲ್ಲಿತ್ತು, ಬಿಟ್ಟಿಯಾಗಿ ಸಿಗುತ್ತಿತ್ತು. ಬುದ್ಧಿಯಿರುವವನು ಅವತ್ತೇ ಹೋಗುತ್ತಿದ್ದ. ನಾನು ಹೋಗಲಿಲ್ಲ. ಚಾಳೀಸು ಹಾಕಿಕೊಂಡು ಒಲೆಯ ಮುಂದೆ ನಿಂತರೆ ಸೇಠ ಏನಂದಾನು, ಚೇತನ ಏನಂದಾನು? ನಾಳೆ, ನಾಳೆ ಅಂತ ಡಿಸೆಂಬರ್ ಇಡೀ ತಳ್ಳಿದೆ. ವರ್ಷದ ಕಡೆಯ ದಿನ ಹೋಟೆಲಿನಲ್ಲಿ ಹೊಸ ವರ್ಷದ ಪಾರ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಚೇತನಕುಮಾರನ ಫೋನು ಬಂತು.

"ಕಾಕಾ, ಮಾಡಿಸಿದ್ರಿಲ್ಲೋ? ಇವತ್ತು ಲಾಸ್ಟ್ ಡೇಟು. ಮಧ್ಯಾಹ್ನಕ್ಕ ಅಂಗಡಿ ಬಂದ್!"

ಏಪ್ರನ್‌ನಲ್ಲೇ ಓಡಿದೆ. ಈರುಳ್ಳಿಯ ಕಣ್ಣೀರು ಹಾಗೇ ಹರಿಯುತ್ತಿತ್ತು. ನಾನು ಅಂಗಡಿಯ ಮೆಟ್ಟಿಲು ಹತ್ತುವುದಕ್ಕೂ ಒಳಗಿನವರು ಬಾಗಿಲಿಗೆ ಚಿಲಕ ಹಾಕುವುದಕ್ಕೂ ಸರಿಹೋಯಿತು. ಗಾಜಿನ ಆಚೆ ನಿಂತಿದ್ದ ಹುಡುಗಿ ನನ್ನ ಕಣ್ಣೀರು ನೋಡಿ ಕರಗಿದಳು. ಆದರೆ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಕೈಬೀಸಿ ಹೊಸ ವರ್ಷದ ಶುಭಾಶಯ ಹೇಳಿದಳು!

ಜನವರಿಯಲ್ಲಿ ಗುರವ್ವನ ಹಿಂದೆ, ಕುರಿಮರಿಯ ಹಾಗೆ, ಅದೇ ಅಂಗಡಿಗೆ ಹೋದೆ. ಕ್ರಾಂಕೆನ್‌ಕಾಸೆ ಈಗ ಕೊಡದು, ಎಲ್ಲವೂ ಕೈಯಿಂದಲೇ. ಅದೇ ಹುಡುಗಿ ನಗುತ್ತ ಇನ್ಶೂರನ್ಸ್ ವಿಷಯ ತೆಗೆದಳು. ನನಗೆ ಎಲ್ಲಿಲ್ಲದ ಹುರುಪು ಬಂತು. ಪ್ರತಿಜ್ಞೆ ಮುರಿಯುವುದಾದರೆ ಗಂಡಸಿನ ಹಾಗೆ ಪೂರ್ತಿ ಮುರಿಯಬೇಕು!

"ಮೂರೂ ಮಂದಿಗೆ ಮಾಡು ಅನ್ನು!" ಅಂತ ಗುರವ್ವನಿಗೆ ಹೇಳಿದೆ. "ಫ್ಯಾಮಿಲಿ ಅಂದ್ರ ಫ್ಯಾಮಿಲಿ!"

ಹುಡುಗಿಯೂ ಗುರವ್ವನೂ ಏನೇನೋ ಮಾತಾಡಿಕೊಂಡರು.

"ಮಕ್ಕಳ ಕನ್ನಡಕಕ್ಕ ಈಗಲೂ ಕ್ರಾಂಕೆನ್‌ಕಾಸೆನ ಕೊಡ್ತೈತಂತ್ರಿ, ಪವಿಗೆ ಬ್ಯಾಡ. ನನ್ನ ಕಣ್ಣ ಪರೀಕ್ಷಾ ಮಾಡಿದ್ಲು, ನನಗೂ ಸದ್ಯಕ್ಕ ಬ್ಯಾಡಂತ," ಅಂದಳು ಗುರವ್ವ. "ನಿಮಗೊಬ್ಬರಿಗೆ ಸಾಕು. ಮುಂದಿನ ಸಲ ಸಿಟ್ಟಿಗೆದ್ದು ಮೇಜು ಗುದ್ದಿದಾಗ ಒಡೀತಾವಲ್ಲ, ಆಗ ಉಪಯೋಗಕ್ಕ ಬರ್ತೈತಿ."

ಹೀಗಾಗಿ, ಓದುಗರೇ, ಫ್ಯಾಮಿಲಿಗೆ ಕಣ್ಣಿನ ಇನ್ಶೂರನ್ಸ್ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನನ್ನ ಅನುಭವದ ಮಾತು ಇಷ್ಟು: ಮೊದಲು ಮನೆಯಲ್ಲಿ ಯಾರಿಗೆ ಕಾಣುವುದಿಲ್ಲ ಎಂದು ನೋಡಿರಿ. ನೋಡುವ ಕೆಲಸವನ್ನು ಮನೆಯ ಯಜಮಾನನಿಗೆ ಮಾತ್ರ ಕೊಡಬೇಡಿರಿ.

ಫೆಬ್ರುವರಿ ಬಂತು. ಒಂದು ಮಧ್ಯಾಹ್ನ ಪವಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಬಂದಳು. ಕೆಳಗಿನ ಮನೆಯ ಮುದುಕಿ ಕೋಲು ಎತ್ತುವ ಮೊದಲೇ ಸುದ್ದಿ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಗಿಮ್ನಾಜಿಯಂ! ಫ್ರಾವ್ ಬೆಕ್ ಕೈಕುಲುಕಿ ಹೇಳಿದರಂತೆ. ಗುರವ್ವ ಅಡುಗೆಮನೆಯಲ್ಲಿ ಸಜ್ಜಿಗೆಗೆ ರವೆ ಹುರಿಯುತ್ತ ಕಣ್ಣೊರೆಸಿಕೊಂಡಳು. ನಾನಂತೂ ಮಗಳನ್ನು ಎತ್ತಿ ಕುಣಿಸಿದೆ.

ಕುಣಿದ ಮೇಲೆ ನನ್ನೊಳಗಿನ ಮಾಸ್ತರ ಮತ್ತೆ ಎದ್ದು ಕೂತ. ಟೀಚರು ಹೇಳಿದ ಗಡುವು ಮುಗಿದಿತ್ತು. ಹೊಸ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಮೂಗಿನ ಮೇಲೇರಿಸಿದೆ.

"ತಾ ಇಲ್ಲೆ ಪುಸ್ತಕ! ಇನ್ನ ಗಿಮ್ನಾಜಿಯಂ ಲೆಕ್ಕ, ಬಾಯಿಲೆಕ್ಕ ಜೋರಾಗಬೇಕು. ಈಗ ಒಂದ್ ಅಂಕಿನೂ ತಪ್ಪೂದಿಲ್ಲ!"

ಪವಿ ಪುಸ್ತಕ ತಂದು, ಆ ದಿನದ ಪುಟ ತೆರೆದು, ನನ್ನ ಕೈಗಿಟ್ಟಳು. ಪೆನ್ಸಿಲ್ ಹಿಡಿದು, ತಲೆ ಬಗ್ಗಿಸಿ ಕಾದಳು.

ಏನು ಹೇಳಲಿ! ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ನಿಂತಿದ್ದವು. ಒಂದೊಂದು ಚುಕ್ಕೆಯೂ ಸ್ಪಷ್ಟ, ಒಂದೊಂದು ಕೊಂಬೂ ಸ್ಪಷ್ಟ. ಆದರೆ ಅಂಕಿಗಳೆಲ್ಲಿ? ಇಡೀ ಪುಟ ಬರೀ ಜರ್ಮನ್ ವಾಕ್ಯಗಳು. ಯಾರೋ ರೈಲಿನಲ್ಲಿ ಎಲ್ಲಿಗೋ ಹೊರಟಿದ್ದಾರೆ ಎಂಬುದು ಪಕ್ಕದ ಚಿತ್ರದಿಂದ ಗೊತ್ತಾಗುತ್ತಿತ್ತು. ಎಲ್ಲಿಗೆ, ಯಾಕೆ, ಏನು ಕೂಡಿಸಬೇಕು, ಏನು ಕಳೆಯಬೇಕು, ಒಂದೂ ಇಲ್ಲ. ಪುಟ ತಿರುವಿದೆ. ಅಲ್ಲೂ ವಾಕ್ಯಗಳೇ.

ಹೊತ್ತು ಹೋಯಿತು. ಪವಿ ತಲೆ ಎತ್ತಿದಳು.

"ಅಪ್ಪಾ, ಕಾಣಸಾಕತ್ತೈತಿಲ್ಲೋ?"

"ಕಾಣಸಾಕತ್ತೈತವ್ವ," ಅಂದೆ, ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳುತ್ತ. "ಬರೋಬ್ಬರಿ ಕಾಣಸಾಕತ್ತೈತಿ. ತಿಳಿಯವಲ್ದು."

ಪವಿ ಪುಸ್ತಕವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ತನ್ನತ್ತ ತಿರುಗಿಸಿಕೊಂಡಳು.

"ಅದಕ್ಕ ಇನ್ಶೂರನ್ಸ್ ಇಲ್ಲಪ್ಪಾ."